ಬೆಳೆಯುವ ಮಗುವಿಗೆ ಅಳತೆಯ ಬ್ಯಾಟು

"ತಾತ, ಇದು ಎತ್ತಕ್ಕೇ ಆಗಲ್ಲ. ನಾನು ಟೀಮ್ ಬಿಟ್ಟುಬಿಡ್ತೀನಿ" ಎಂದಳು ಏಳನೇ ತರಗತಿಯ ಮೊಮ್ಮಗಳು. ತಪ್ಪು ನನ್ನದೇ. ಮುಂದಿನ ವರ್ಷಕ್ಕೂ ಬರಲಿ ಎಂದು ಲಂಗ ಹೊಲಿಸುವ ಹಾಗೆ 33 ಇಂಚಿನ ಸಾಫ್ಟ್‌ಬಾಲ್ ಬ್ಯಾಟು ತಂದಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯ ತಂಡದ ಆಯ್ಕೆಗೆ ಹದಿನೈದೇ ದಿನ ಉಳಿದಿತ್ತು.

ಅವಳ ಪಿ.ಟಿ. ಮೇಷ್ಟ್ರು ಎರಡು ಪರೀಕ್ಷೆ ಹೇಳಿಕೊಟ್ಟರು. ಹಿಡಿಯ ಬುಡವನ್ನು ಎದೆಯ ನಡುವೆ ಇಟ್ಟು ಬ್ಯಾಟನ್ನು ಮುಂದಕ್ಕೆ ನೇರ ಮಾಡಿ, ಕೈ ಚಾಚಬೇಕು. ಬೆರಳ ತುದಿ ಬ್ಯಾಟಿನ ತುದಿಗೆ ಮುಟ್ಟಿದರೆ ಉದ್ದ ಸರಿ. ಆಮೇಲೆ ಬ್ಯಾಟನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಚಾಚಿ ಹಿಡಿದು ಮೂವತ್ತು ಎಣಿಸಬೇಕು. ಕೈ ನಡುಗಿದರೆ ಭಾರ ಜಾಸ್ತಿ.

ಬ್ಯಾಟಿನ ಮೇಲೆ '-10' ಎಂದು ಬರೆದಿರುತ್ತದೆ. ಬ್ಯಾಂಕಿನಲ್ಲಿ ಮೈನಸ್ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು; ಇಲ್ಲಿ ಹೆದರಬೇಕಿಲ್ಲ. ಉದ್ದ 30 ಇಂಚು, ತೂಕ 20 ಔನ್ಸು, ಕಳೆದರೆ ಹತ್ತು. 20 ಔನ್ಸೆಂದರೆ ಸುಮಾರು 570 ಗ್ರಾಂ. ಉದ್ದ ಅಷ್ಟೇ ಇದ್ದು ಈ ಅಂಕಿ ಹೆಚ್ಚಿದಷ್ಟೂ ಬ್ಯಾಟು ಹಗುರ. ಬೇಸ್‌ಬಾಲ್ ಬ್ಯಾಟು ಕೊಂಡು ಮೋಸಹೋಗಬೇಡಿ. ಸಾಫ್ಟ್‌ಬಾಲ್ ಬ್ಯಾಟಿನ ದಪ್ಪ 2.25 ಇಂಚು ಮೀರುವಂತಿಲ್ಲ.

ಮೇಷ್ಟ್ರು ಶಾಲೆಯ 30 ಇಂಚಿನ ಬ್ಯಾಟು ಕೊಟ್ಟರು. ಮೂರನೇ ಚೆಂಡಿಗೇ 'ಠಣ್' ಎಂದಿತು. ಮೊಮ್ಮಗಳು ಟೀಮ್ ಬಿಡುವ ಮಾತು ಮತ್ತೆ ಎತ್ತಲಿಲ್ಲ. ನಾನು ತಂದದ್ದು ಈಗ ದೊಡ್ಡ ಹುಡುಗಿಯರ ಕೈಯಲ್ಲಿದೆ.

ಅಜ್ಜ ಅಜ್ಜಿಯರೇ, ಬ್ಯಾಟು ತರಲು ಹೋಗುವಾಗ ಮಗುವನ್ನೂ ಅಂಗಡಿಗೆ ಕರೆದೊಯ್ಯಿರಿ. ಅಳತೆ ಇರುವುದು ಅದರ ತೋಳಿನಲ್ಲಿ.