ಒಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ? ಕರುಳಿನ ಜೀವಕೋಶದ ಒಂದು ಬಾಗಿಲ ಕಥೆ

ಇವತ್ತು ನನ್ನ ಕೈಯಲ್ಲಿರೋದು ಒಂದು ಒಆರ್‌ಎಸ್ ಪೊಟ್ಟಣ. ಭೇದಿ ಆದಾಗ ಮೆಡಿಕಲ್ ಶಾಪ್‌ನಿಂದ ತರ್ತೀವಲ್ಲ, ಅದೇ. ಒಳಗಿರೋದು ಗ್ಲುಕೋಸ್, ಉಪ್ಪು, ಇನ್ನೆರಡು ಲವಣ. ದೇಹ ಕಳ್ಕೊಳ್ತಿರೋದು ನೀರು ತಾನೆ? ಹಾಗಾದ್ರೆ ಇದರಲ್ಲಿ ಸಕ್ಕರೆಗೇನು ಕೆಲಸ?

ಉತ್ತರ ನಮ್ಮ ಕರುಳಿನ ಜೀವಕೋಶಗಳ ಹೊರಪೊರೆಯಲ್ಲಿದೆ.

ಕೋಶಪೊರೆ ಅಂದ್ರೆ ಕೊಬ್ಬಿನ ಅಣುಗಳ ಎರಡು ಪದರ. ಆಕ್ಸಿಜನ್‌ನಂಥ ಪುಟ್ಟ ಅಣುಗಳು ಇದರೊಳಗೆ ಸಲೀಸಾಗಿ ನುಸುಳುತ್ತವೆ. ಆದ್ರೆ ಉಪ್ಪಿನಲ್ಲಿರೋ ಸೋಡಿಯಂ, ಗ್ಲುಕೋಸ್ ಇವುಗಳಿಗೆ ಆ ದಾರಿ ಇಲ್ಲ. ಅವಕ್ಕೆ ಪೊರೆಯಲ್ಲಿ ಪ್ರೋಟೀನ್‌ನಿಂದಾದ ಬಾಗಿಲುಗಳೇ ಬೇಕು. ಇನ್ನು ನೀರು? ಅದು ಉಪ್ಪು, ಸಕ್ಕರೆ ಹೆಚ್ಚಿರೋ ಕಡೆಗೆ ಹರಿಯುತ್ತೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ರೆ ನೀರು ಬಿಡುತ್ತಲ್ಲ, ಅದೇ ಲೆಕ್ಕ. ಶಾಲೆಯಲ್ಲಿ ಆಸ್ಮಾಸಿಸ್ ಅಂತ ಓದಿದ್ದು ಇದನ್ನೇ.

ಈಗ ಕಾಲರಾ ಬ್ಯಾಕ್ಟೀರಿಯಾ ಬರಲಿ. ಅದೂ ಒಂದು ಜೀವಕೋಶವೇ, ಆದ್ರೆ ನಮ್ಮದಕ್ಕಿಂತ ತುಂಬಾ ಚಿಕ್ಕದು. ನಮ್ಮ ಕೋಶದಲ್ಲಿ ಡಿಎನ್‌ಎ ನ್ಯೂಕ್ಲಿಯಸ್‌ನೊಳಗೆ ಭದ್ರವಾಗಿರುತ್ತೆ, ಶಕ್ತಿ ತಯಾರಿಸೋಕೆ ಮೈಟೊಕಾಂಡ್ರಿಯಾ ಇದೆ. ಬ್ಯಾಕ್ಟೀರಿಯಾಕ್ಕೆ ಇವೆರಡೂ ಇಲ್ಲ. ಬದಲಿಗೆ ನಮಗಿಲ್ಲದ ಒಂದು ಕೋಶಭಿತ್ತಿ ಅದಕ್ಕಿದೆ. ಪ್ರೋಟೀನ್ ತಯಾರಿಸೋ ರೈಬೋಸೋಮ್ ಇಬ್ಬರಲ್ಲೂ ಇದೆ, ರಚನೆ ಮಾತ್ರ ಬೇರೆ. ಕಾಲರಾಕ್ಕೆ ಕೊಡೋ ಡಾಕ್ಸಿಸೈಕ್ಲಿನ್ ಮಾತ್ರೆ ಈ ವ್ಯತ್ಯಾಸ ಹಿಡಿದೇ ಬ್ಯಾಕ್ಟೀರಿಯಾಕ್ಕೆ ಹೊಡೆಯುತ್ತೆ.

ಆದ್ರೆ ಮಾತ್ರೆ ಕೆಲಸ ಮಾಡೋಷ್ಟರಲ್ಲಿ ದೇಹ ಒಣಗಿಹೋದ್ರೆ? ಕಾಲರಾದ ಅಪಾಯ ಇರೋದೇ ಅಲ್ಲಿ. ಈ ಬ್ಯಾಕ್ಟೀರಿಯಾ ನಮ್ಮ ಕೋಶದೊಳಗೆ ನುಗ್ಗೋದಿಲ್ಲ. ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತೆ. ಆ ವಿಷ ಕೋಶದೊಳಗೆ ಹೋಗಿ ಕ್ಲೋರೈಡ್‌ನ ಬಾಗಿಲು ಮುಚ್ಚದ ಹಾಗೆ ಮಾಡಿಬಿಡುತ್ತೆ. ಕ್ಲೋರೈಡ್ ಹೊರಗೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಬರೀ ನೀರು ಕುಡಿದ್ರೆ ಕಳೆದುಹೋದ ಉಪ್ಪು ವಾಪಸ್ ಬರಲ್ಲ. ನೀರನ್ನ ಒಳಗೆ ಎಳೆಯೋಕೂ ಏನೂ ಇರಲ್ಲ.

ಆದ್ರೆ ಆ ವಿಷ ಇನ್ನೊಂದು ಬಾಗಿಲನ್ನ ಕೆಡಿಸೋದಿಲ್ಲ. ಅದು ಎಸ್‌ಜಿಎಲ್‌ಟಿ1. ಇದರ ನಿಯಮ ವಿಚಿತ್ರ: ಒಂದು ಗ್ಲುಕೋಸ್ ಒಳಗೆ ಹೋಗಬೇಕಾದ್ರೆ ಜೊತೆಗೆ ಎರಡು ಸೋಡಿಯಂ ಇರಲೇಬೇಕು. ಜೋಡಿ ಇಲ್ದಿದ್ರೆ ಪ್ರವೇಶ ಇಲ್ಲ. ಜೋಡಿಯಾಗಿ ಒಳಗೆ ಹೋದ್ರೆ ನೀರೂ ಹಿಂಬಾಲಿಸುತ್ತೆ. ಸಕ್ಕರೆಯ ಕೆಲಸ ಇದೇ. ಗ್ಲುಕೋಸ್–ಸೋಡಿಯಂ ಹೀಗೆ ಜೊತೆಯಾಗಿ ಸಾಗುತ್ತವೆ ಅಂತ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಹೇಳಿದ್ರು.

1971ರಲ್ಲಿ ಇದರ ಬೆಲೆ ಗೊತ್ತಾಯ್ತು. ಬಾಂಗ್ಲಾ ಯುದ್ಧದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿಕೊಂಡಿದ್ರು. ಕಾಲರಾ ಹರಡಿತ್ತು, ಡ್ರಿಪ್ ಹಾಕೋ ಸಲೈನ್ ಸಾಲುತ್ತಿರಲಿಲ್ಲ. ಡಾ. ದಿಲೀಪ್ ಮಹಾಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಕುಡಿಸೋಕೆ ಶುರು ಮಾಡಿದ್ರು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ರು. ಅಲ್ಲಿನ ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 3.6ಕ್ಕೆ ಇಳೀತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಇವತ್ತಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್‌ಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಗ್ಲುಕೋಸ್, ಸೋಡಿಯಂ ಅಣುಗಳ ಲೆಕ್ಕ ಸರಿಸಮ.

ಅದಕ್ಕೇ ಹೇಳೋದು, ‘ಸಕ್ಕರೆ ಜಾಸ್ತಿ ಇದ್ರೆ ಶಕ್ತಿ ಜಾಸ್ತಿ’ ಅಂತ ಸಿಹಿ ಜ್ಯೂಸ್ ಕೊಡಬೇಡಿ. ಕರುಳಿನಲ್ಲಿ ಉಳಿದ ಸಕ್ಕರೆ ಮಾವಿನಕಾಯಿಗೆ ಹಾಕಿದ ಉಪ್ಪಿನ ಹಾಗೆ ನೀರನ್ನ ಹೊರಗೇ ಎಳೆಯುತ್ತೆ, ಭೇದಿ ಹೆಚ್ಚುತ್ತೆ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ‘ಒಆರ್‌ಎಸ್’ ಅಂತ ಬರೆಯಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿದ್ದೂ ನೆನಪಿರಲಿ.

ಪೊಟ್ಟಣದ ಮೇಲೆ ಒಂದು ಲೀಟರ್‌ಗೋ 200 ಎಂಎಲ್‌ಗೋ ಅಂತ ಓದಿ, ಅಷ್ಟೇ ನೀರಲ್ಲಿ ಕಲಸಿ. ಒಂದು ಲೀಟರ್ ಪುಡೀನ ಒಂದೇ ಲೋಟಕ್ಕೆ ಸುರೀಬೇಡಿ. ಮಗು ಮಂಕಾಗಿದ್ರೆ, ಕುಡಿಯೋಕೇ ಆಗ್ತಿಲ್ಲ ಅಂದ್ರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಮನೇಲಿ ಪುಟ್ಟ ಮಕ್ಕಳಿರೋರಿಗೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.