ಕಡಲಿಗೆ ಮುಳುಗುವ ಮುನ್ನ ದೋಣಿ ನೋಡಿ

ರಾಯಚೂರು: ಕೃಷ್ಣೆಯ ದಡದ ದೇವದುರ್ಗ ಸೀಮೆಯವರಿಗಾಗಲಿ, ತುಂಗಭದ್ರೆಯ ದಡದ ಮಾನ್ವಿ ಸೀಮೆಯವರಿಗಾಗಲಿ ಹರಿಗೋಲು ಹೊಸತಲ್ಲ. ತಳದಲ್ಲಿ ನೀರು ಜಿನುಗುತ್ತಿದೆಯೇ, ಎಷ್ಟು ಜನ ಕುಳಿತಿದ್ದಾರೆ, ಹುಟ್ಟು ಹಾಕುವವರು ಯಾರು ಎಂಬುದನ್ನು ನೋಡಿಯೇ ಹತ್ತುವುದು ನದಿತೀರದವರ ಜಾಣತನ. ಸ್ಕೂಬಾ ಡೈವಿಂಗ್‌ಗೆಂದು ಕಡಲಿಗೆ ಹೊರಟಾಗ ಮಾತ್ರ ಇದೇ ಜನ ಜಾಹೀರಾತಿನ ಚಿತ್ರವನ್ನೂ ದರವನ್ನೂ ನೋಡಿ ದೋಣಿ ಗೊತ್ತುಮಾಡಿಬಿಡುವುದುಂಟು.

ಮೂರು ನಾಲ್ಕು ದಿನಗಳ ರಜೆಯಲ್ಲಿ ಹೋಗುವವರ ಮುಂದಿರುವ ಮೊದಲ ಪ್ರಶ್ನೆ, ಹಗಲಿನ ದೋಣಿಯೇ ಅಥವಾ ರಾತ್ರಿಯೂ ತಂಗುವ ನೌಕೆಯೇ ಎಂಬುದು. ತಂಗುವ ನೌಕೆಗಳಿಗೆ ಹೆಸರಾದ ಮಾಲ್ಡೀವ್ಸ್‌ನಲ್ಲಿ ಪ್ರವಾಸಗಳು ಸಾಮಾನ್ಯವಾಗಿ ಒಂದು ವಾರದವು. ದಡದಿಂದ ದೂರದ ಹವಳ ದಿಬ್ಬಗಳಿಗೆ ದಿನಕ್ಕೆ ಹಲವು ಬಾರಿ ಮುಳುಗುವ ಅನುಭವಸ್ಥರಿಗೆ ಅವು ಒಪ್ಪುತ್ತವೆ. ಮೊದಲ ಬಾರಿ ನೀರಿಗಿಳಿಯುವವರಿಗೆ ಅದು ದಂಡದ ಖರ್ಚೇ ಸರಿ.

ಆದರೂ ಅಂಥ ನೌಕೆಯನ್ನು ಆರಿಸುವವರು ಊಟ, ಹಾಸಿಗೆಗಳಿಗಿಂತ ಮೊದಲು ವಿಚಾರಿಸಬೇಕಾದುದು ರಾತ್ರಿಯ ಕಾವಲನ್ನು. 2019ರ ಸೆಪ್ಟೆಂಬರ್ 2ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ 'ಕನ್ಸೆಪ್ಷನ್' ಎಂಬ ಡೈವಿಂಗ್ ನೌಕೆ ನಸುಕಿನಲ್ಲಿ ಹೊತ್ತಿ ಉರಿದು 34 ಮಂದಿ ಅಸುನೀಗಿದರು. ಎಲ್ಲರೂ ತಳದ ಕೋಣೆಯಲ್ಲಿ ಮಲಗಿದ್ದರು. ಎಚ್ಚರವಿದ್ದು ಸುತ್ತುವ ಕಾವಲುಗಾರ ಇರಲಿಲ್ಲ. ಹೊರಬರುವ ದಾರಿ ಎರಡಿದ್ದರೂ ಎರಡೂ ತೆರೆದುಕೊಳ್ಳುತ್ತಿದ್ದುದು ಬೆಂಕಿ ಆವರಿಸಿದ್ದ ಒಂದೇ ಕೋಣೆಗೆ! ಆದ್ದರಿಂದ ಬೇರೆ ಬೇರೆ ಕಡೆಗೆ ತೆರೆಯುವ ಎರಡು ಬಾಗಿಲು, ರಾತ್ರಿಯಿಡೀ ಎಚ್ಚರವಿರುವ ಒಬ್ಬ ಸಿಬ್ಬಂದಿ, ಮಲಗುವ ಕಡೆ ಬ್ಯಾಟರಿ ಚಾರ್ಜ್ ಮಾಡದಿರುವ ಕಟ್ಟುನಿಟ್ಟು, ಇವಿಲ್ಲದ ನೌಕೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ನಮ್ಮ ರಾಜ್ಯದವರಿಗೆ ಹತ್ತಿರದ್ದು ಉತ್ತರ ಕನ್ನಡದ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪಕ್ಕೆ ಬೆಳಿಗ್ಗೆ ಹೋಗಿ ಅದೇ ದಿನ ಮರಳಬಹುದು. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಡೈವಿಂಗ್ ಇರುವುದಿಲ್ಲ. ಇಲ್ಲಿ ಹಗಲಿನ ದೋಣಿಯೇ ಸಾಕು. ತಲೆಗೊಂದು ಜೀವರಕ್ಷಕ ಜಾಕೆಟ್, ನೆರಳು, ಸಿಲಿಂಡರ್ ಹೊತ್ತವರೂ ಹತ್ತಬಲ್ಲ ಗಟ್ಟಿ ಏಣಿ, ಶುದ್ಧ ಆಮ್ಲಜನಕದ ಪೆಟ್ಟಿಗೆ ಕಣ್ಣಿಗೆ ಬೀಳಬೇಕು. ಎಲ್ಲರೂ ನೀರಿನಲ್ಲಿರುವಾಗ ದೋಣಿಯಲ್ಲಿ ಉಳಿಯುವವರು ಯಾರು, ಮರಳುವಾಗ ಹೆಸರು ಕೂಗಿ ಲೆಕ್ಕ ಹಾಕುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಡುಕುವವರ ದೋಣಿ ಬಿಟ್ಟು ಬೇರೆ ನೋಡುವುದೇ ಒಳಿತು.

ರಾಯಚೂರಿನವರು ಮರೆಯುವ ಸಂಗತಿ ಇನ್ನೊಂದಿದೆ: ಘಟ್ಟ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟಾಗಿ, ಉಸಿರಿನ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚು ಕರಗುತ್ತದೆ. ಅದು ಮೆಲ್ಲನೆ ಹೊರಹೋಗುವ ಮೊದಲೇ ಎತ್ತರಕ್ಕೇರಿದರೆ ಗುಳ್ಳೆಗಳಾಗಿ ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತಂದೀತು. ಒಮ್ಮೆ ಮುಳುಗಿದ ಬಳಿಕ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ವಿಮಾನ ಏರಬಾರದೆಂಬುದು ತಜ್ಞರ ಸಲಹೆ. ಊರಿಗೆ ಮರಳುವ ದಾರಿಯ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವುದರಿಂದ ಬಸ್ಸಿಗೂ ಇದೇ ಎಚ್ಚರ ಕ್ಷೇಮ. ಮುಳುಗಿದ ದಿನದ ರಾತ್ರಿ ಬಸ್ಸಿಗೇ ಟಿಕೆಟ್ ಕಾದಿರಿಸಿದ್ದವರು ಅದನ್ನು ಮರುದಿನಕ್ಕೆ ಬದಲಿಸಿಕೊಂಡು, ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯುವುದು ಲೇಸು.