ರಕ್ತದ ನಂಟು, ನೆಲದ ಹಕ್ಕು

ಅಪರಿಚಿತರು ಎದುರಾದರೆ ನಮ್ಮ ಬೀದರ್ ಸೀಮೆಯಲ್ಲಿ ಎರಡು ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ: ‘ಯಾವ ಊರು?’, ‘ಯಾವ ಮನೆತನ?’. ಮೊದಲನೆಯದು ನೆಲವನ್ನು ಕೇಳುತ್ತದೆ, ಎರಡನೆಯದು ರಕ್ತವನ್ನು. ಜನರ ಗುರುತನ್ನು ಮನೆತನದಿಂದ ಊರಿಗೆ ವರ್ಗಾಯಿಸುವ ಕೆಲಸವನ್ನು ಆಡಳಿತಗಳು ಶತಮಾನಗಳಿಂದ ಮಾಡುತ್ತ ಬಂದಿವೆ. ಅದು ಅರ್ಧಕ್ಕೆ ನಿಂತಾಗ ಕಷ್ಟಕ್ಕೆ ಸಿಲುಕುವವರು ಯಾರೆಂದು ಅರಿಯಬೇಕಾದರೆ ಔರಾದ್, ಭಾಲ್ಕಿ ತಾಲ್ಲೂಕುಗಳ ಗಡಿ ಹಳ್ಳಿಗಳನ್ನು ನೋಡಬೇಕು.

ಈ ವರ್ಗಾವಣೆಯ ಅತಿ ನಿಷ್ಠುರ ಉದಾಹರಣೆ ಪ್ರಾಚೀನ ಚೀನಾದ್ದು. ಝೌ ಅರಸರು ಬಂಧುಗಳಿಗೆ ಸೀಮೆಗಳನ್ನು ಹಂಚಿ ಆಳಿದ್ದರು. ಅಧಿಕಾರವು ವಂಶದ ಸ್ವತ್ತಾಗಿತ್ತು. ಕ್ರಿ.ಪೂ. 4ನೇ ಶತಮಾನದಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಇದನ್ನು ಮುರಿದ. ವಯಸ್ಕ ಗಂಡುಮಕ್ಕಳು ಬೇರೆಯಾಗದ ಕುಟುಂಬಕ್ಕೆ ಇಮ್ಮಡಿ ತೆರಿಗೆ ವಿಧಿಸಿದ. ನೆರೆಹೊರೆಯ ಮನೆಗಳನ್ನು ಐದು, ಹತ್ತರ ಗುಂಪುಗಳಾಗಿ ಕಟ್ಟಿ ಪರಸ್ಪರ ಹೊಣೆಗಾರರನ್ನಾಗಿಸಿದ. ಹಳ್ಳಿಗಳನ್ನು ಕೂಡಿಸಿ ಮೂವತ್ತಕ್ಕೂ ಹೆಚ್ಚು ತಾಲ್ಲೂಕುಗಳಂಥ ಘಟಕಗಳನ್ನು ರಚಿಸಿ, ಅವುಗಳಿಗೆ ಅಧಿಕಾರಿಗಳನ್ನು ನೇಮಿಸಿದ. ಅಣ್ಣತಮ್ಮಂದಿರ ಜಾಗದಲ್ಲಿ ನೆರೆಯವರು ಬಂದರು.

ಬೀದರ್ ಇಂಥ ಪ್ರಯತ್ನಕ್ಕೆ ಹೊರತಲ್ಲ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್, ರಾಜ್ಯದ ನಾಲ್ಕು ತರಫ್‌ಗಳನ್ನು ಎಂಟಾಗಿ ಒಡೆದ, ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ, ಭೂಮಿಯನ್ನು ಅಳೆಸಿದ. ಸರದಾರರ ಹಗೆಗೆ ಗುರಿಯಾಗಿ 1481ರಲ್ಲಿ ಮರಣದಂಡನೆಗೆ ಒಳಗಾದ. 1865ರಲ್ಲಿ ಸಾಲಾರ್ ಜಂಗ್ ನಿಜಾಮ್ ಸಂಸ್ಥಾನವನ್ನು ಜಿಲ್ಲೆ, ತಾಲ್ಲೂಕುಗಳಾಗಿ ವಿಂಗಡಿಸಿ ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಆದರೆ ಈ ಸುಧಾರಣೆ ಹಳ್ಳಿಯ ಅಗಸೆಯ ಬಳಿ ನಿಂತುಹೋಯಿತು. ಒಳಗೆ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಎಲ್ಲರದೂ ವತನ. ತಂದೆಯಿಂದ ಮಗನಿಗೆ ಇಳಿದುಬರುವ ಹಕ್ಕು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗಲೇ ಅದು ಕೊನೆಗೊಂಡದ್ದು. ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು.

ಇದರ ನಡುವೆ 1956ರ ನವೆಂಬರ್ 1ರಂದು ನೆಲವೇ ಮೂರು ಪಾಲಾಯಿತು. ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಸೇರಿದವು. ಭಾಷೆಯ ಆಧಾರದ ವಿಂಗಡಣೆ ನ್ಯಾಯವಾದದ್ದೇ. ಆದರೆ ಬೀಗತನ ಗಡಿರೇಖೆಯನ್ನು ಕೇಳಿ ನಡೆಯುವುದಿಲ್ಲ. ಔರಾದ್‌ನ ಹಳ್ಳಿಗೆ ಉದಗೀರ ಕಡೆಯಿಂದ, ಭಾಲ್ಕಿಯ ಹಳ್ಳಿಗೆ ನಿಲಂಗಾ ಕಡೆಯಿಂದ ಹೆಣ್ಣು ತರುವ ವಾಡಿಕೆ ಇಂದಿಗೂ ಇದೆ.

ಹೀಗೆ ಬಂದ ದಲಿತ ಸೊಸೆಯ ಸ್ಥಿತಿಯನ್ನು ಗಮನಿಸಿ. ಜಾತಿ ನಿರ್ಧಾರವಾಗುವುದು ಹುಟ್ಟಿನಿಂದ. ಆದರೆ ಸಂವಿಧಾನದ 341ನೇ ವಿಧಿಯ ಪರಿಶಿಷ್ಟ ಜಾತಿ ಪಟ್ಟಿ ಆಯಾ ರಾಜ್ಯಕ್ಕೆ ಸೀಮಿತ. ಒಂದು ರಾಜ್ಯದಲ್ಲಿ ಪಡೆದ ಸ್ಥಾನಮಾನ ವಲಸೆ ಹೋದವರೊಂದಿಗೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪಿತ್ತಿತು. 2018ರಲ್ಲಿ ಅದು ಮತ್ತೆ ದೃಢಪಟ್ಟಿತು. ಆದ್ದರಿಂದ ಆಕೆ ಇಲ್ಲಿ ಮತದಾರಳು, ಗ್ರಾಮಸಭೆಯ ಸದಸ್ಯೆ. ಆದರೆ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಪಂಚಾಯಿತಿ ಸ್ಥಾನಕ್ಕೆ ನಿಲ್ಲಲಾರಳು, ಮೀಸಲು ನೌಕರಿ ಕೇಳಲಾರಳು. ಆಕೆಯ ಕೇರಿ ಬದಲಾಗಿಲ್ಲ, ಕೇರಿಯನ್ನು ಊರು ನೋಡುವ ದೃಷ್ಟಿಯೂ ಬದಲಾಗಿಲ್ಲ. ಬದಲಾದದ್ದು ರಾಜ್ಯದ ಹೆಸರು ಮಾತ್ರ. ಇದೇ ಮದುವೆ 1956ಕ್ಕೆ ಮೊದಲು ನಡೆದಿದ್ದರೆ ಒಂದೇ ಜಿಲ್ಲೆಯೊಳಗಿನ ಮಾತಾಗುತ್ತಿತ್ತು.

ಈ ನಿಯಮದ ಹಿಂದೆ ತರ್ಕವಿಲ್ಲವೆಂದು ನಾನು ಹೇಳಲಾರೆ. ಸಾಮಾಜಿಕ ಹೀನಸ್ಥಿತಿ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನ. ಬಾಗಿಲು ಪೂರ್ತಿ ತೆರೆದರೆ ಸ್ಥಳೀಯ ದಲಿತರ ಪಾಲು ಕರಗುತ್ತದೆ. ಸೇವೆಯಲ್ಲಿದ್ದಾಗ ಈ ವಾದವನ್ನು ನಾನೂ ಮಂಡಿಸಿದ್ದೇನೆ, ಇಂದಿಗೂ ಒಪ್ಪುತ್ತೇನೆ. ಆದರೆ ದೂರದ ವಲಸಿಗರಿಗೆ ಸಲ್ಲುವ ಈ ತರ್ಕ ಉದಗೀರ, ಔರಾದ್‌ಗಳ ನಡುವೆ ಸಲ್ಲುವುದಿಲ್ಲ. ಎರಡೂ ಕಡೆ ಇದ್ದದ್ದು ಒಂದೇ ನಿಜಾಮ್ ಆಡಳಿತ, ಒಂದೇ ವತನ ವ್ಯವಸ್ಥೆ, ಒಂದೇ ಅಸ್ಪೃಶ್ಯತೆ.

ದಾರಿ ಇಲ್ಲದಿಲ್ಲ. 371ಜೆ ವಿಧಿಯು ಶಿಕ್ಷಣದ ಮೀಸಲಾತಿಯಲ್ಲಿ ಈ ಭಾಗದವರನ್ನು ಗುರುತಿಸುವಾಗ ಜನನದ ಜೊತೆಗೆ ವಾಸವನ್ನೂ ಒಪ್ಪಿದೆ. ಅದೇ ತತ್ತ್ವವನ್ನು ಇಲ್ಲಿಗೂ ಮಿತವಾಗಿ ಅನ್ವಯಿಸಬಹುದು: 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದ ತಾಲ್ಲೂಕುಗಳಿಂದ ಮದುವೆಯಾಗಿ ಬಂದವರು, ಎರಡೂ ರಾಜ್ಯಗಳ ಪಟ್ಟಿಯಲ್ಲಿರುವ ಜಾತಿ, ಹತ್ತು ವರ್ಷಗಳ ವಾಸ ಎಂಬ ಮೂರು ಷರತ್ತುಗಳು ಸಾಕು. ಇದಕ್ಕೆ ಸಂಸತ್ತಿನ ಕಾನೂನು ಬೇಕು. ಅದಕ್ಕಾಗಿ ರಾಜ್ಯ ಸರ್ಕಾರ ಒತ್ತಾಯಿಸಬೇಕು. ಅದಕ್ಕೂ ಮುನ್ನ ಔರಾದ್, ಭಾಲ್ಕಿ ತಹಶೀಲ್ದಾರ್ ಕಚೇರಿಗಳು ಇಂಥ ಮಹಿಳೆಯರು ಎಷ್ಟು ಮಂದಿ ಇದ್ದಾರೆಂದು ಊರೂರಿನಲ್ಲಿ ಎಣಿಸಲಿ. ಆ ಎಣಿಕೆಗೆ ಯಾವ ತಿದ್ದುಪಡಿಯೂ ಬೇಕಿಲ್ಲ.